ಪಟಾಕಿ ಟೈಲರ್ ತಣ್ಣಗಾದದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಟೈಲರನನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಅಳತೆ ಕೊಡುವವರು ಉಸಿರು ಬಿಗಿಹಿಡಿದರೂ ಬೈಗುಳ, ಬಿಟ್ಟರೂ ಬೈಗುಳ. ಹೆಂಡತಿಯೂ ಬಿಡುವವಳಲ್ಲ, ಒಂದಕ್ಕೆರಡು ಸೇರಿಸಿ ವಾಪಸು ಕೊಡುತ್ತಿದ್ದಳು. ಸಂಸಾರ ಸೊಗಸಾಗಿಯೇ ನಡೆದಿತ್ತು.

ಒಂದು ದಿನ ಅಂಗಡಿಯ ಷಟರನ್ನು ಅರ್ಧಕ್ಕೆ ಎತ್ತಿ ಒಳಗೆ ನುಗ್ಗುವಾಗ ಅದರ ಅಂಚು ತಲೆಗೆ ಬಡಿಯಿತು. ಷಟರಿಗೆ ನಾಲ್ಕು ಬೈದು ಮರೆತುಬಿಟ್ಟ. ಕೆಲವು ವಾರ ಕಳೆದ ಮೇಲೆ ತಲೆನೋವು, ತೂಕಡಿಕೆ ಶುರುವಾಯಿತು. ಜೊತೆಗೆ, ಯಾರೂ ಕಂಡು ಕೇಳರಿಯದ ಸೌಮ್ಯತೆ! ಷರ್ಟಿಗೆ ಎರಡೂ ಎಡತೋಳೇ ಇಟ್ಟಿದ್ದೀರಲ್ಲ ಎಂದು ಗಿರಾಕಿ ಕೂಗಾಡಿದರೆ, "ಹೌದಲ್ಲ, ತಪ್ಪಾಯ್ತು ಸ್ವಾಮಿ" ಎಂದ. ಅಂತೂ ಬುದ್ಧಿ ಬಂತು ಎಂದು ಬೀದಿಯವರೆಲ್ಲ ಹಿಗ್ಗಿದರು. ಹೆಂಡತಿಗೆ ಮಾತ್ರ ದಿಗಿಲಾಯಿತು.

ಅವಳ ತಮ್ಮನನ್ನು ಕಂಡರೆ "ಬಂದ ನೋಡು ದಂಡಪಿಂಡ" ಎನ್ನುತ್ತಿದ್ದವನು ಅವತ್ತು, "ಬಾಪ್ಪ, ಊಟ ಮಾಡ್ಕೊಂಡು ಹೋಗು" ಎಂದ.

"ಏಳ್ರೀ, ಆಸ್ಪತ್ರೆಗೆ ಹೋಗೋಣ!" ಎಂದಳು ಹೆಂಡತಿ.

"ಅಕ್ಕಾ, ಇಷ್ಟು ವರ್ಷಕ್ಕೆ ಭಾವ ಮನುಷ್ಯ ಆಗಿದ್ದಾರೆ. ಹೀಗೇ ಇರ್ಲಿ ಬಿಡೇ" ಎಂದು ತಮ್ಮ ಗೋಗರೆದ.

"ಇದು ನನ್ನ ಗಂಡ ಅಲ್ಲ ಕಣೋ. ಗಾಡಿ ಕರಿ!"

ಏನು ತೊಂದರೆ ಎಂದು ಡಾಕ್ಟರಮ್ಮ ಕೇಳಿದರು.

"ವಾರದಿಂದ ನನ್ನ ಒಂದು ಸಲಾನೂ ಬೈದಿಲ್ಲ, ಡಾಕ್ಟ್ರೇ."

ಡಾಕ್ಟರಮ್ಮ ನಗಲಿಲ್ಲ. ಕಣ್ಣು ಮುಚ್ಚಿಸಿ, ಎರಡೂ ಕೈ ಮುಂದೆ ಚಾಚಿಸಿದರು. ಬಲಗೈ ತಾನಾಗಿಯೇ ಕೆಳಗೆ ಜಾರಿತು. ಕೂಡಲೇ ತಲೆಯ ಸ್ಕ್ಯಾನ್ ಮಾಡಿಸಿದರು.

"ಬುರುಡೆಗೂ ಮಿದುಳಿಗೂ ನಡುವೆ ರಕ್ತ ಸೋರಿ ನಿಂತಿದೆ, ಮಿದುಳನ್ನ ಒತ್ತುತ್ತಾ ಇದೆ. ಸಣ್ಣ ತೂತು ಕೊರೆದು ಹೊರಗೆ ಬಿಡ್ಬೇಕು. ತಡ ಮಾಡಿದ್ರೆ ಜೀವಕ್ಕೇ ಅಪಾಯ."

"ಮೊದಲಿನ ಹಾಗೇ ಆಗ್ತಾರಾ?"

"ಆಗೋ ಸಾಧ್ಯತೆ ಜಾಸ್ತಿ ಇದೆ."

"ಪೂರ್ತಿ ಮೊದಲಿನ ಹಾಗೆ ಬೇಡ ಡಾಕ್ಟ್ರೇ" ಎಂದ ತಮ್ಮ, ಅಕ್ಕ ನೋಡಿದ ನೋಟಕ್ಕೆ ಬಾಯಿ ಮುಚ್ಚಿದ.

ಆಪರೇಷನ್ ಮುಗಿಯುವ ತನಕ ಅವಳು ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಆ ಹಾಳು ಬಾಯಿ ಮತ್ತೆ ಕೇಳಿಸದಿದ್ದರೆ ಮನೆಯಲ್ಲಿ ತಾನು ಹೇಗಿರಲಿ ಎಂದು ಅವಳಿಗೆ ನಿಜವಾಗಿ ಭಯವಾಯಿತು.

ಅವನಿಗೆ ಎಚ್ಚರವಾದ ಮೇಲೆ ನರ್ಸ್ ಹೆಸರು ಕೇಳಿದಳು, ಹೇಳಿದ. ಬಲಗೈ ಎತ್ತಿ ಎಂದಳು, ಎತ್ತಿದ. ನರ್ಸಿಗೆ ಸಮಾಧಾನವಾಯಿತು, ಹೆಂಡತಿಗೆ ಆಗಲಿಲ್ಲ. ಎತ್ತಿದ ಕೈಯ ಮೇಲಿದ್ದ ಆಸ್ಪತ್ರೆ ಅಂಗಿಯ ಹೊಲಿಗೆಯನ್ನು ಅವನು ದಿಟ್ಟಿಸಿದ.

"ಯಾವ ಕತ್ತೆ ಹೊಲಿದಿದ್ದು ಇದನ್ನ? ಗೋಣಿಚೀಲನೇ ಇದಕ್ಕಿಂತ ನೆಟ್ಟಗಿರುತ್ತೆ!" ಎಂದ. ಹೆಂಡತಿಯ ಮುಖ ಅರಳಿತು. "ನೀನ್ಯಾಕೆ ಕೋಡಂಗಿ ಹಾಗೆ ಹಲ್ಲು ಕಿರೀತಾ ನಿಂತಿದ್ದೀಯ?"

ಅವಳು ಗೊಳೋ ಎಂದು ಅತ್ತಳು. ಅಳುತ್ತಲೇ, ವಾರದಿಂದ ಬಾಯಲ್ಲಿ ಕೊಳೆಯುತ್ತಿದ್ದ ಉತ್ತರವನ್ನು ಕೊಟ್ಟಳು:

"ನಿಮ್ಮ ಮೂತಿಗೆ ಆ ಅಂಗಿನೇ ಜಾಸ್ತಿ, ಸುಮ್ನೆ ಮಲಗ್ರೀ!"