ಅವ್ವ ನಿಲ್ಲುತ್ತಿದ್ದ ಜಾಗಗಳು

ಅದು ಬುಧವಾರ. ಲೈನಿಂಗ್ ಬಟ್ಟೆ, ದಾರದ ಉಂಡೆ ತರಲು ಜೇವರ್ಗಿಗೆ ಹೊರಟಿದ್ದೆವು. ನಮ್ಮೂರು ನೆಲೋಗಿಯಲ್ಲಿ ರವಿಕೆ ಹೊಲಿಯುವುದು ನನ್ನ ಕೆಲಸ. ಅಪ್ಪ ಹೋದ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಬಣ್ಣ ಆರಿಸಲು ಅವಳು ಜೊತೆಗೆ ಬರಲೇಬೇಕು.

ಮನೆಯಿಂದ ಬಸ್ಸು ನಿಲ್ಲುವ ಜಾಗ ದೂರವೇನಲ್ಲ. ಆದರೆ ಅವ್ವನ ಜೊತೆ ಹೊರಟರೆ ಅರ್ಧ ತಾಸು. ಮೊದಲು ಹಿಟ್ಟಿನ ಗಿರಣಿ ಮುಂದೆ ನಿಲ್ಲುವಳು, ಗಿರಣಿಯಾಕೆಯ ಸೊಸೆಗೆ ಎಷ್ಟು ತಿಂಗಳಾಯಿತೆಂದು ಕೇಳುವಳು. ಆಮೇಲೆ ಬೇವಿನ ಕಟ್ಟೆಯ ಮೇಲೆ ಕೂರುವ ಮುದುಕಿ ಆಯಿ. ಆಮೇಲೆ ನಳದ ಹತ್ತಿರ ಯಾರಿದ್ದರೆ ಅವರು. ಯಾರೂ ಇಲ್ಲದಿದ್ದರೆ ಅಲ್ಲಿ ಕಟ್ಟಿದ ಎಮ್ಮೆಯನ್ನಾದರೂ ಮಾತಾಡಿಸುವಳು.

ಆ ದಿನ ಬಸ್ಸು ನಮ್ಮ ಕಣ್ಣೆದುರೇ ಹೋಯಿತು.

"ನಿನ್ನ ಬಾಯಿಗಿ ಬೀಗ ಹಾಕಿದ್ರ ನಾವು ಊರು ಮುಟ್ಟತೀವಿ," ಎಂದೆ.

ಅವ್ವ ನಕ್ಕಳು. ತುಸು ತಡೆದು, "ಇನ್ನೊಂದು ಬರ್ತದ ತಡಿ ಬೇ," ಎಂದಳು.

ಇನ್ನೊಂದು ಬಂತು. ಅಂಗಡಿಯಲ್ಲಿ ಅವಳು ಗಿಳಿ ಹಸಿರು ಆರಿಸಿದಳು, ನನಗೆ ಅದು ಸೇರಲಿಲ್ಲ. ಇಬ್ಬರೂ ಮಿರ್ಚಿ ಭಜಿ ತಿಂದು ಊರಿಗೆ ಬಂದೆವು. ಅಷ್ಟೇ ಆ ದಿನ.

ಮರುದಿನ ಬೆಳಗ್ಗೆ ನಾನು ಎದ್ದಾಗ ಅವ್ವ ಎರಡು ಕೌದಿ ಬೆನ್ನಿಗಿಟ್ಟು ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಬರುವುದಿಲ್ಲವಂತೆ. ಪಾದ ಊದಿದ್ದವು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಗುಳಿಗೆ ಕೊಟ್ಟು, ಕಲಬುರಗಿಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಬೇಕು ಎಂದರು.

ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡುವುದು. ಕಲಬುರಗಿಗೆ ಹೊರಟ ದಿನ ಕಟ್ಟೆಯ ಆಯಿ ಬಿಡಲಿಲ್ಲ. "ಈ ವಯಸ್ಸಿನಾಗ ಸ್ಕ್ಯಾನಿಂಗ್ ಏನ ಬೇ? ಹೆಸರು ನೋಡಿಟ್ಟೀಯಿಲ್ಲ?"

"ಎರಡು ನೋಡ ಆಯಿ. ಅವಳಿ ಜವಳಿ ಅಂತ," ಎಂದಳು ಅವ್ವ. ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಅವ್ವ ಅಲ್ಲೇ ನಿಂತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ.

ಎಕೋ ಕೋಣೆಯಲ್ಲಿ ದೀಪ ಆರಿಸಿದ್ದರು. ಡಾಕ್ಟರಮ್ಮ ಅವ್ವನನ್ನು ಎಡ ಮಗ್ಗುಲಿಗೆ ಮಲಗಿಸಿ, ಎಡಗೈ ತಲೆಯ ಕೆಳಗೆ ಇಡಿಸಿ, ತಣ್ಣನೆಯ ಜೆಲ್ಲಿ ಹಚ್ಚಿ, ಪಕ್ಕೆಲುಬಿನ ನಡುವೆ ಒಂದು ಸಣ್ಣ ಉಪಕರಣ ಒತ್ತಿ ಹಿಡಿದರು. ನಮಗೆ ಕೇಳಿಸದ ಸದ್ದು ಅದರಿಂದ ಒಳಗೆ ಹೋಗಿ ತಿರುಗಿ ಬಂದು ಚಿತ್ರವಾಗುತ್ತದೆ ಎಂದು ಹೇಳಿದರು. ಪರದೆಯ ಮೇಲೆ ಬೂದು ಬಣ್ಣದಲ್ಲಿ ಅವ್ವನ ಹೃದಯ ಬಡಿಯುತ್ತಿತ್ತು. ಅಗಲವಾಗಿ ತೆರೆಯಬೇಕಾದ ಕವಾಟದ ಎರಡು ಎಸಳುಗಳು ತುದಿಯಲ್ಲಿ ಅಂಟಿಕೊಂಡು ಬಾಗುತ್ತಿದ್ದವು, ತೆರೆಯುತ್ತಿರಲಿಲ್ಲ. ಒಂದು ಗುಂಡಿ ಒತ್ತಿದಾಗ ಸದ್ದೂ ಬಂತು, ಮೊರದಲ್ಲಿ ತೊಗರಿ ಕೇರಿದಂತೆ.

ಸಣ್ಣಂದಿನಲ್ಲಿ ಜ್ವರ ಬಂದು ಕೀಲು ಊದಿದ್ದವೇ ಎಂದು ಕೇಳಿದರು. ಗೊಬ್ಬೂರಿನ ತವರಿನಲ್ಲಿ ಒಂದು ವರ್ಷ ಮೊಣಕಾಲು ಬಾತು ಸಾಲಿ ಬಿಟ್ಟಿದ್ದೆ ಎಂದಳು ಅವ್ವ. ಆ ಜ್ವರ ಕವಾಟಕ್ಕೆ ಪೆಟ್ಟು ಕೊಟ್ಟು ಹೋಗಿದೆ, ಅದು ವರ್ಷಗಳಿಂದ ಕಿರಿದಾಗುತ್ತ ಬಂದಿದೆ ಎಂದರು. ಆಮೇಲೆ, ಎಷ್ಟು ದೂರ ನಡೆದರೆ ದಮ್ಮು ಹತ್ತುತ್ತದೆ ಎಂದು ಕೇಳಿದರು.

ಅವ್ವನಿಗಿಂತ ಮೊದಲು ನಾನೇ ಉತ್ತರ ಕೊಟ್ಟೆ. "ನಡದ್ರ ಆಕಿಗಿ ದಮ್ಮು ಹತ್ತಂಗಿಲ್ರಿ. ಮಾತಾಡ್ಲಾಕ ನಿಲ್ತಾಳ ಅಷ್ಟ."

"ಎಲ್ಲೆಲ್ಲಿ ನಿಲ್ತಾರೆ?"

ಗಿರಣಿ ಎಂದೆ. ಬೇವಿನ ಕಟ್ಟೆ ಎಂದೆ. ನಳ ಎಂದೆ. ಎಮ್ಮೆಯ ಹತ್ತಿರ ಬರುವಷ್ಟರಲ್ಲಿ ನನ್ನ ದನಿ ನಿಂತಿತು. ಡಾಕ್ಟರಮ್ಮ ಬರೆದುಕೊಂಡರು. ಅವ್ವ ಮುಖವನ್ನು ದಿಂಬಿಗೆ ಒತ್ತಿಕೊಂಡಳು.

ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಕವಾಟ ಅಗಲ ಮಾಡಬಹುದೆಂದು ಹೇಳಿ ದಿನ ಗೊತ್ತು ಮಾಡಿದರು. ನನಗೆ ಹೋದ ಜೀವ ಬಂದಂತಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ನೋಡುತ್ತಲೇ ಕೇಳಿದಳು.

"ನಾ ನಿಲ್ಲೋ ಜಾಗ ಯಾಕ ಹೇಳಿದಿ ಬೇ? ಇಷ್ಟು ವರ್ಷ ಮಂದಿನ್ನ ಮಾತಾಡ್ಸಿದ್ದೂ ಸುಳ್ಳಾತು."

ಅದು ಹಾಗಲ್ಲ ಎಂದು ನಾನು ಹೇಳಬೇಕಿತ್ತು. ಹಾಗಲ್ಲ ಎಂದು ನನಗೇ ಖಾತ್ರಿ ಇರಲಿಲ್ಲ. ನಾನು ಟಿಕೆಟ್ಟು ಮಡಚುತ್ತ ಕೂತೆ.

ಸುದ್ದಿ ಓಣಿಗೆಲ್ಲ ಗೊತ್ತಾಯಿತು. ಅವ್ವ ಬಂದರೆ ಕುರ್ಚಿ ತಂದಿಡತೊಡಗಿದರು. ಅವಳಿಗೆ ಅದು ನಾಚಿಕೆ. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟಳು. ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು, ಮಾತು ಕಮ್ಮಿ. ಬಲೂನಿನ ದಿನಕ್ಕೆ ಇನ್ನೂ ಒಂಬತ್ತು ದಿನ ಇದ್ದಾಗ, ಒಂದು ಮಧ್ಯಾಹ್ನ, ಗಿಳಿ ಹಸಿರು ರವಿಕೆಗೆ ಹುಕ್ಕು ಹಚ್ಚುತ್ತಿದ್ದವಳ ಕೈಯಿಂದ ಸೂಜಿ ಬಿತ್ತು. ಎತ್ತಿಕೊಡಲು ನಾನು ಬಗ್ಗಿದೆ. ಏಳುವಷ್ಟರಲ್ಲಿ ಅವ್ವ ಗೋಡೆಗೆ ವಾಲಿದ್ದಳು. ಆಸ್ಪತ್ರೆಗೆ ಒಯ್ಯುತ್ತಿದ್ದ ಗಾಡಿ ಜೇವರ್ಗಿ ಮುಟ್ಟುವ ಮೊದಲೇ ಹೋದಳು.

ತಿಂಗಳಾದ ಮೇಲೆ ಜೋಳ ಬೀಸಿಸಲು ಹೋಗಿದ್ದೆ. ಗಿರಣಿಯಾಕೆ ಬೆಲ್ಟು ನಿಲ್ಲಿಸಿ ಬಂದು ಹತ್ತಿರ ನಿಂತಳು.

"ನಂಗ ಗೊತ್ತಿತ್ತು," ಎಂದಳು. "ಬಂದಾಕಿ ಮೊದಲ ಈ ಕಂಬ ಹಿಡಿತಿದ್ಲು. ಉಸಿರು ಬರೋತನ ನಾ ಆ ಕಡಿ ಹೊಳ್ಳಿ ನಿಲ್ತಿದ್ದೆ. ಆಮ್ಯಾಲ ಮಾತು. ಉಸಿರು ಬಂದ ಮ್ಯಾಲ ಹೋಗಬಹುದಿತ್ತಲ್ಲ ಬೇ, ಹೋಗ್ತಿದ್ದಿಲ್ಲ."

ಹಿಟ್ಟು ಬಿಸಿಯಾಗಿತ್ತು. ಡಬ್ಬಿಯನ್ನು ಎದೆಗೆ ಅವಚಿಕೊಂಡು ಮನೆಗೆ ಬಂದೆ.

ಎಕೋ ವರದಿ ಕಪಾಟಿನಲ್ಲಿದೆ. ಕವಾಟ ಎಷ್ಟು ಕಿರಿದಾಗಿತ್ತು ಎಂದು ಅದರಲ್ಲಿ ಬರೆದಿದೆ. ಬಸ್ಸು ಹಿಡಿಯಲು ನನಗೆ ಈಗ ಎಂಟು ನಿಮಿಷ ಸಾಕು. ಒಂದೊಂದು ಸಲ ಕಂಬದ ಹತ್ತಿರ ನಿಲ್ಲುತ್ತೇನೆ. ಗಿರಣಿಯಾಕೆ ಹೇಳಿದ್ದನ್ನು ಅವ್ವನಿಗೆ ಹೇಳಬೇಕು. ಹೇಳಲು ಅವ್ವ ಇಲ್ಲ.