ಪರದೆಯ ಮೇಲೆ ಕೊಂಡಪ್ಪನವರ ಕೈ

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ನೇಕಾರರ ಬೀದಿ ಇನ್ನೂ ಮಗ್ಗುಲು ಬದಲಿಸುತ್ತಿದೆ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಕೊಂಡಪ್ಪ, ಲಾಳಿ ಎಸೆಯುತ್ತ ಬೈಯುತ್ತಿದ್ದಾರೆ. ಬೈಗುಳ ಸಿನಿಮಾದವರಿಗೆ.

"ಎರಡು ವರ್ಷದಿಂದ ಇದೇ ಸುಪ್ರಭಾತ," ಎನ್ನುತ್ತಾರೆ ರಾಟೆ ತಿರುಗಿಸುತ್ತಿರುವ ಹೆಂಡತಿ ವರಲಕ್ಷ್ಮಮ್ಮ. "ದೇವ್ರ ಹೆಸ್ರು ಇಷ್ಟು ಸಲ ಹೇಳಿದ್ರೆ ಮೋಕ್ಷನಾದ್ರೂ ಸಿಕ್ಕಿರೋದು."

ಎಪ್ಪತ್ತೊಂದನೇ ಇಸವಿಯಲ್ಲಿ ಬೆಂಗಳೂರಿನ ಕೆಲವು ಓದಿದ ಯುವಕರು ಚಂದಾ ಎತ್ತಿ, ನೇಕಾರನ ಬಾಳಿನ ಬಗ್ಗೆ ಕಪ್ಪು ಬಿಳುಪು ಚಿತ್ರವೊಂದನ್ನು ಇದೇ ಮನೆಯಲ್ಲಿ ತೆಗೆದರು. ನಾಯಕನಾಗಿದ್ದವರು ಕಾಲೇಜು ಮೇಷ್ಟ್ರು. ಲಾಳಿ ಹಿಡಿಯಲು ಬಾರದು. ಹೀಗಾಗಿ ಮುಖ ಮೇಷ್ಟರದು, ಕೈ ಕೊಂಡಪ್ಪನವರದು. ಮಗ್ಗದಲ್ಲಿದ್ದ ರೇಷ್ಮೆ ಸೀರೆ ನೇಯುವಾಗ ಉದ್ದಕ್ಕೆ ಹಾಸಿದ ಎಳೆಯೊಂದು ಕಡಿಯಿತು. ಕೊಂಡಪ್ಪ ಮಗ್ಗ ನಿಲ್ಲಿಸಹೋದರೆ ನಿರ್ದೇಶಕರು, "ನಿಲ್ಲಿಸ್ಬೇಡಿ, ಕ್ಯಾಮೆರಾ ಓಡ್ತಿದೆ" ಎಂದು ಕೂಗಿದರು. ಮನೆಗೆ ಬಂದವರ ಮಾತು ಮೀರುವುದು ಹೇಗೆಂದು ಕೊಂಡಪ್ಪ ಕಡಿದ ಎಳೆ ಬಿಟ್ಟು ನೇಯ್ದರು.

ಮರುವರ್ಷ ಚಿತ್ರ ಬೆಂಗಳೂರಿನಲ್ಲಿ ಐದು ದಿನ ಓಡಿತು. ನೋಡಿದ ನಲವತ್ತು ಜನ ಅದನ್ನು 'ಶ್ರಮದ ಕಾವ್ಯ' ಎಂದರು. ಇಲ್ಲಿನ ಟೆಂಟ್ ಸಿನಿಮಾದಲ್ಲಿ ಕೂತವರು ಮಾತ್ರ ನೇಕಾರರು. ಪರದೆಯಗಲದ ಬಟ್ಟೆಯಲ್ಲಿ ಅವರಿಗೆ ಕಂಡದ್ದು ಉದ್ದಕ್ಕೆ ಇಳಿದ ಗೀರು, ಪಕ್ಕದಲ್ಲೇ ಸೀಳು ಉಗುರಿನ ಹೆಬ್ಬೆರಳು.

"ಲೇ, ಅದು ನಮ್ ಕೊಂಡಪ್ಪನ ಕೈ ಕಣ್ರೋ! ಎಳೆ ಬಿಟ್ಟು ನೇಯ್ತಾವ್ನೆ!"

ಚಿತ್ರದ ಆರಂಭದಲ್ಲಿ ಜೀಪು ಕೊಟ್ಟವರಿಗೂ ಕೃತಜ್ಞತೆ ಇತ್ತು, ಕೊಂಡಪ್ಪನವರಿಗಿರಲಿಲ್ಲ. ತಪ್ಪು ಮಾತ್ರ ಅವರ ಹೆಸರಿಗೇ ಬಂತು.

ರೇಷ್ಮೆ ಕೊಟ್ಟು ನೇಯಿಸುವ ಯಜಮಾನ ಗಂಗಣ್ಣ ಅಂದಿನಿಂದ ಅವರಿಗೆ ಮದುವೆ ಸೀರೆ ಕೊಟ್ಟಿಲ್ಲ. "ಸಿನಿಮಾ ಕೈ ಅಲ್ವಾ, ಅದಕ್ಕೆ ಧಾರೆ ಸೀರೆ ಯಾಕಪ್ಪಾ?" ಎಂದು ನಗುತ್ತಾರೆ. ಹನ್ನೊಂದರ ವಯಸ್ಸಿಗೆ ಗುಂಡಿಗಿಳಿದು ಮೂವತ್ತೆಂಟು ವರ್ಷ ನೇಯ್ದ ಕೈಗೆ ಈಗ ದಿನಕ್ಕೆ ಎಂಟು ಮೊಳ ಸಾದಾ ಬಟ್ಟೆ.

ಕೊಂಡಪ್ಪ ಬಸ್ಸು ಹತ್ತಿ ಹೋಗಿ ನಿರ್ದೇಶಕರನ್ನೇ ಕೇಳಿದರು. ಎಳೆ ಕಡಿದ ಆ ತುಂಡು ಚಿತ್ರದಿಂದ ಕತ್ತರಿಸಲಾಗದು, ಅದು ವಾಸ್ತವತೆ ಎಂಬ ಉತ್ತರ ಸಿಕ್ಕಿತು.

"ಯಾರಪ್ಪನ್ ವಾಸ್ತವತೆ ಸ್ವಾಮಿ?" ಈಗ ಕೊಂಡಪ್ಪನವರ ಮಗ್ಗ ನಿಲ್ಲುತ್ತದೆ. "ಅವ್ರು ಪೆಟ್ಟಿಗೆ ಕಟ್ಕೊಂಡು ಜೀಪ್ ಹತ್ತಿದ್ರಲ್ಲ, ಆಮೇಲೆ ಅಷ್ಟೂ ಬಿಚ್ಚಿ, ಎಳೆ ಕಟ್ಟಿ, ಮತ್ತೆ ನೇಯ್ದೆ. ಅದನ್ ಕ್ಯಾಮೆರಾದಲ್ಲಿ ತೆಗೀಬೇಕಿತ್ತು. ಯಜಮಾನ್ರಿಗೆ ಹೇಳಿದ್ರೆ, ಆ ಸೀರೆ ಮಾರೋಗಿ ಕಾಲ ಆಯ್ತು, ಸಾಕ್ಷಿ ಎಲ್ಲಿ ಅಂತಾರೆ. ನನ್ ಹೆಸ್ರು ಯಾರೂ ಹಾಕೋದ್ ಬ್ಯಾಡ. ಆ ಸೀರೆ ಉಟ್ಟೋಳು ಎಲ್ಲವ್ಳೋ ಹುಡುಕ್ಲಿ, ಬಿಸಿಲಿಗೆ ಹಿಡಿದು ನೋಡ್ಲಿ. ಒಂದು ಗೀರು ಸಿಕ್ಕಿದ್ರೆ ಈ ಮಗ್ಗ ನಾನೇ ಒಡೆದು ಒಲೆಗೆ ಹಾಕ್ತೀನಿ."