ಅರ್ಧ ಕಿಟಕಿಯ ರಾಷ್ಟ್ರಪತಿ ಭವನ

ಗಲ್ಫಿನಲ್ಲಿ ನಾವಿದ್ದ ಮದೀನತ್ ಖಲೀಫಾ ಬಡಾವಣೆಯ ಆ ವಿಲ್ಲಾ ನಡೆಸುತ್ತಿದ್ದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಮ್ಮ ಮೈಸೂರಿನವನೇ. ಅರಬ್ ಮಾಲೀಕನಿಂದ ಇಡೀ ವಿಲ್ಲಾ ಬಾಡಿಗೆಗೆ ಹಿಡಿದು, ಜಿಪ್ಸಮ್ ಬೋರ್ಡಿನ ಗೋಡೆ ನಿಲ್ಲಿಸಿ, ಒಂದೊಂದು ಕೋಣೆಗೆ ಒಂದೊಂದು ಸಂಸಾರ ತುಂಬಿದ್ದ. ನಾನು ವೆಸ್ಟ್ ಬೇಯ ಆಫೀಸೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ಆ ಗೋಡೆಗಳ ನಕ್ಷೆಯನ್ನೂ ನನ್ನಿಂದಲೇ ಬರೆಸಿದ. ಪ್ರತಿಯಾಗಿ ದೊಡ್ಡ ಕಿಟಕಿಯ ಕೋಣೆ ನಮಗೆ ಸಿಕ್ಕಿತ್ತು.

ಅಲ್ಲಿ ನಡೆಯಲಿದ್ದ ಫುಟ್‌ಬಾಲ್ ವಿಶ್ವಕಪ್ ಹತ್ತಿರವಾಗುತ್ತಿದ್ದಂತೆ ಮನೆಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಒಂದು ಶುಕ್ರವಾರ ಅವನು ಬಂದು, ನಮ್ಮ ಮಂಚದ ಮೇಲೇ ಕುಳಿತು ಹಲ್ಲು ಕಿರಿದ.

“ಸಾರ್, ಈ ರೂಮಿಗೂ ಮಧ್ಯ ಒಂದ್ ಪಾರ್ಟಿಷನ್ ಹಾಕ್ಬಿಡೋಣ. ಕಿಟಕಿ ಅರ್ಧ ನಿಮ್ಗೆ, ಅರ್ಧ ಹೊಸಬ್ರಿಗೆ.”

“ಮಗು ಇದೆ ಕಣ್ರೀ. ಗಾಳಿ ಬೆಳಕು ಬೇಡ್ವಾ?”

“ಆಗಲ್ಲಾಂದ್ರೆ ಖಾಲಿ ಮಾಡಿ. ಖಲಾಸ್.”

ಬೈದುಕೊಂಡೇ ಆ ಗೋಡೆಯ ನಕ್ಷೆಯನ್ನೂ ಬರೆದುಕೊಟ್ಟೆ. ಗೋಡೆ ಕಿಟಕಿಯ ನಟ್ಟನಡುವೆ ಬಂದು ನಿಂತಿತು. ನಾವು ಗಾಜು ಸರಿಸಿದರೆ ಅದು ಪಕ್ಕದವರ ಕಡೆ ಜಾರಿ ಅವರ ಗಾಳಿ ಕಟ್ಟುತ್ತಿತ್ತು. ಅವರು ಬೋರ್ಡು ಗುದ್ದಿ ಬೈಯುತ್ತಿದ್ದರು, ನಾನೂ ಸುಮ್ಮನಿರುತ್ತಿರಲಿಲ್ಲ.

ಆಗಲೇ ಮೂರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ರಾಷ್ಟ್ರಪತಿ ಭವನದ ಚಿತ್ರ ಬರೆಯಲು ಹೇಳಿದರು. ನಾನು ಅದರ ಕಥೆಯನ್ನು ಸೇಡು ತೀರಿಸಿಕೊಳ್ಳುವವನಂತೆ ಹೇಳಿದೆ. ದಿಲ್ಲಿಯ ಗುಡ್ಡದ ಮೇಲೆ, ಮರಳುಗಲ್ಲಿನಲ್ಲಿ, ಸ್ತೂಪದಂಥ ಗುಮ್ಮಟವಿಟ್ಟು ಮುನ್ನೂರ ನಲವತ್ತು ಕೋಣೆ ಕಟ್ಟಿಸಿಕೊಂಡ ವೈಸ್‌ರಾಯ್‌ಗಳು ಇಪ್ಪತ್ತು ವರ್ಷ ತುಂಬುವುದರೊಳಗೆ ಗಂಟುಮೂಟೆ ಕಟ್ಟಿದರು. ಆಮೇಲೆ ಬಂದ ನಮ್ಮವರು ಅವರ ಮಲಗುವ ಕೋಣೆ ಅತಿಯಾಯಿತೆಂದು ಚಿಕ್ಕ ಕೋಣೆಗೆ ಹೋದರು. ಈ ವಿಲ್ಲಾದವನೂ ಹಾಗೇ ತೊಲಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಚಿತ್ರ ವಾಪಸ್ಸು ಬಂತು. ಗುಮ್ಮಟ, ಕಂಬಸಾಲು, ಬಿಸಿಲು ತಡೆಯುವ ಉದ್ದ ಸಜ್ಜಾ, ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಕಿಟಕಿಯ ನಡುವೆಯೂ ಒಂದು ದಪ್ಪ ಗೆರೆ. ಟೀಚರ್ ಅವನ್ನೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತಿ ‘ತಪ್ಪು’ ಎಂದು ಬರೆದಿದ್ದರು.

“ಏನೇ ಇದು?” ಎಂದು ರೇಗಿದೆ.

“ಪಾರ್ಟಿಷನ್, ಅಪ್ಪಾ. ಇಲ್ಲಾಂದ್ರೆ ನೆಕ್ಸ್ಟ್ ಫ್ಯಾಮಿಲಿಗೆ ಲೈಟ್ ಹೇಗೆ ಬರತ್ತೆ?”

ವಿಲ್ಲಾದವನ ಮೇಲಿಗಿಂತ, ಗೋಡೆ ಬರೆದುಕೊಟ್ಟ ನನ್ನ ಮೇಲೇ ಹೆಚ್ಚು ಸಿಟ್ಟು ಬಂತು. ಆ ತಿಂಗಳೇ ಬಿನ್ ಮಹಮೂದ್ ಬಡಾವಣೆಯ ಹಳೇ ಬಿಲ್ಡಿಂಗೊಂದರ ಮೂರನೇ ಮಹಡಿಗೆ ಹೋದೆವು. ಇನ್ನೂ ಚಿಕ್ಕ ಕೋಣೆ, ಮೋರಿಯ ನಾತ ಬೇರೆ; ಆದರೆ ಕಿಟಕಿ ಪೂರ್ತಿ ನಮ್ಮದೇ.

ಸಾಮಾನು ಇಳಿಸುವಷ್ಟರಲ್ಲಿ ಮಗಳು ಹೋಗಿ ಕಿಟಕಿಯ ಎಡಭಾಗದ ಪರದೆಯನ್ನಷ್ಟೇ ಸರಿಸಿ ನಿಂತಿದ್ದಳು.

“ಆ ಕಡೇದೂ ತೆಗಿ, ಪುಟ್ಟಾ” ಎಂದೆ.

ಅವಳು ಕೈ ಹಿಂದಕ್ಕೆಳೆದುಕೊಂಡಳು. “ಪಕ್ಕದವ್ರು ಬೈಯಲ್ವಾ?”